ಕಾರ್ಬೊನಿಫೆರಸ್ ಶೇಲ್ ಫಾರ್ಮೇಶನ್ ಗುರುತಿಸಿ ವರ್ಗೀಕರಿಸೋದು ಹೇಗೆ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಭೂವಿಜ್ಞಾನ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಮೂರು ಜಿಲ್ಲೆಗಳಲ್ಲಿ ಭೂವಿಜ್ಞಾನ ಓದಿದವರ ಕಣ್ಣು ಗ್ರಾನೈಟ್, ನೈಸ್, ಶಿಸ್ಟ್‌ಗೆ ಚೆನ್ನಾಗಿ ಪಳಗಿರುತ್ತದೆ. ನಂದಿ ಬೆಟ್ಟ, ಮಧುಗಿರಿ ಬೆಟ್ಟ, ಕೆಜಿಎಫ್ ಸುತ್ತಮುತ್ತಲ ಕಲ್ಲುಗಳನ್ನೇ ನೋಡಿ ಕಲಿತವರು ನಾವು. ಇವೆಲ್ಲ 250 ಕೋಟಿ ವರ್ಷದ ಆಸುಪಾಸಿನವು, ಇಲ್ಲ ಅದಕ್ಕೂ ಹಳೆಯವು. ಚಿಪ್ಪು, ಎಲೆ, ಮೀನಿನ ಮುಳ್ಳು ಯಾವುದೂ ಇವುಗಳಲ್ಲಿ ಸಿಗೋದಿಲ್ಲ. ಹಾಗಾಗಿ ಎಂಎಸ್ಸಿ ಫೀಲ್ಡ್‌ಗೆ ಅಂತ ಸ್ಪಿತಿಗೋ ಕಾಶ್ಮೀರಕ್ಕೋ ಹೋಗಿ ಕಾರ್ಬೊನಿಫೆರಸ್ ಶೇಲ್ (ತೆಳು ಹಾಳೆಗಳಾಗಿ ಬಿಟ್ಟುಕೊಳ್ಳುವ ಮಣ್ಣಿನ ಕಲ್ಲು) ಮುಂದೆ ನಿಂತಾಗ, ಎಲ್ಲಿಂದ ಶುರು ಮಾಡಬೇಕು ಅಂತಲೇ ಹೊಳೆಯುವುದಿಲ್ಲ. ಜಾಸ್ತಿ ಜನ ಮೊದಲು ಕೇಳುವುದು "ಇದರ ವಯಸ್ಸೆಷ್ಟು?" ಅಂತ. ಆ ಪ್ರಶ್ನೆ ಕಡೆಗೆ ಬರಬೇಕು. ಫಾರ್ಮೇಶನ್ ಅಂದರೆ ಕಲ್ಲಿನ ಗುಣದ ಮೇಲೆ ಕಟ್ಟಿದ ಘಟಕ. ಕಲ್ಲು ಮೊದಲು, ವಯಸ್ಸು ಆಮೇಲೆ. ಇಡೀ ಕೆಲಸ ನಿಂತಿರುವುದು ಇದರ ಮೇಲೆ.

ಹೊರಡುವ ಮುನ್ನ ತಿಳಿದಿರಬೇಕಾದ್ದು

ಕಾರ್ಬೊನಿಫೆರಸ್ ಅವಧಿ ಸುಮಾರು 35.9 ಕೋಟಿ ವರ್ಷದ ಹಿಂದೆ ಶುರುವಾಗಿ 29.9 ಕೋಟಿ ವರ್ಷದ ಹಿಂದೆ ಮುಗಿಯಿತು. ಈ ಹೆಸರನ್ನು 1822ರಲ್ಲಿ ಇಂಗ್ಲೆಂಡಿನ ಕೋನಿಬೇರ್ ಮತ್ತು ಫಿಲಿಪ್ಸ್ ಬಳಕೆಗೆ ತಂದರು. ಇದರಲ್ಲಿ ಎರಡು ಭಾಗ ಇವೆ: ಕೆಳಗೆ ಮಿಸಿಸಿಪ್ಪಿಯನ್, ಮೇಲೆ ಪೆನ್ಸಿಲ್ವೇನಿಯನ್. ನಡುವಿನ ಗಡಿ ಸುಮಾರು 32.3 ಕೋಟಿ ವರ್ಷದ ಹತ್ತಿರ ಬರುತ್ತದೆ. ಮಿಸಿಸಿಪ್ಪಿಯನ್‌ನಲ್ಲಿ ಟೂರ್ನೇಸಿಯನ್, ವಿಸಿಯನ್, ಸರ್ಪುಖೋವಿಯನ್ ಎಂಬ ಮೂರು ಹಂತ. ಪೆನ್ಸಿಲ್ವೇನಿಯನ್‌ನಲ್ಲಿ ಬಾಷ್ಕಿರಿಯನ್, ಮಾಸ್ಕೋವಿಯನ್, ಕಾಸಿಮೋವಿಯನ್, ಗ್ಜೆಲಿಯನ್ ಎಂಬ ನಾಲ್ಕು. ಈ ಏಳು ಹೆಸರು ಬಾಯಿಪಾಠ ಆಗಿದ್ದರೆ ಮುಂದಿನ ಓದು ಸಲೀಸು.

ಒಂದು ತಪ್ಪು ತಿಳಿವಳಿಕೆ ಇಲ್ಲೇ ಬಿಡಿಸಿಬಿಡೋಣ. ಕಾರ್ಬೊನಿಫೆರಸ್ ಅಂದರೆ ಕಲ್ಲಿದ್ದಲ ಕಾಲ, ಹಾಗಾಗಿ ನಮ್ಮ ದೇಶದ ಕಲ್ಲಿದ್ದಲೂ ಆ ಕಾಲದ್ದೇ ಅಂದುಕೊಳ್ಳುವವರು ಬಹಳ. ಯುರೋಪು, ಉತ್ತರ ಅಮೆರಿಕದ ಮಟ್ಟಿಗೆ ಅದು ಸರಿ. ನಮ್ಮ ಗೊಂಡ್ವಾನಾ ಕಲ್ಲಿದ್ದಲು, ಅಂದರೆ ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೆ ಬರುವ ಸಿಂಗರೇಣಿ ಕಲ್ಲಿದ್ದಲೂ ಸೇರಿ, ಬಹುಪಾಲು ಕಾರ್ಬೊನಿಫೆರಸ್‌ನ ನಂತರದ ಪರ್ಮಿಯನ್ ಕಾಲದ್ದು. ಕಾರ್ಬೊನಿಫೆರಸ್ ಶೇಲ್ ನೋಡಬೇಕು ಅಂದರೆ ಭಾರತದಲ್ಲಿ ಹಿಮಾಲಯಕ್ಕೇ ಹೋಗಬೇಕು. ಕಾಶ್ಮೀರದ ಲಿದ್ದರ್ ಕಣಿವೆಯ ಫೆನೆಸ್ಟೆಲ್ಲಾ ಶೇಲ್, ಸ್ಪಿತಿಯ ಲಿಪಾಕ್ ಮತ್ತು ಪೋ ಫಾರ್ಮೇಶನ್‌ಗಳು ಇದಕ್ಕೆ ಒಳ್ಳೆಯ ಜಾಗ. ಕರ್ನಾಟಕದಲ್ಲಿ ಈ ಕಾಲದ ಶೇಲ್ ಇಲ್ಲ.

ಆದರೆ ಕೆಲಸ ಕಲಿಯೋಕೆ ಅಲ್ಲಿಯ ತನಕ ಕಾಯಬೇಕಿಲ್ಲ. ಬಾಗೇಪಲ್ಲಿ ದಾಟಿ ಅನಂತಪುರದ ಮೇಲೆ ತಾಡಿಪತ್ರಿ ಕಡೆ ಹೋದರೆ ಕಡಪ ಜಲಾನಯನದ ತಾಡಿಪತ್ರಿ ಫಾರ್ಮೇಶನ್ ಸಿಗುತ್ತದೆ. ಅಲ್ಲಿ ಅಸಲಿ ಶೇಲ್ ಇದೆ, ಪದರ ಚೆನ್ನಾಗಿ ಕಾಣುತ್ತದೆ. ಅದು ನೂರು ಕೋಟಿ ವರ್ಷಕ್ಕೂ ಹಳೆಯದು, ಪ್ರಾಣಿಗಳ ಫಾಸಿಲ್ ಇಲ್ಲ. ಹಾಗಾಗಿ ಕೆಳಗೆ ಹೇಳುವ ಹೆಜ್ಜೆಗಳಲ್ಲಿ ಫಾಸಿಲ್ ನೋಡಿ ವಯಸ್ಸು ಹೇಳುವ ಭಾಗ ಬಿಟ್ಟು ಉಳಿದದ್ದನ್ನೆಲ್ಲ ಅಲ್ಲಿ ಅಭ್ಯಾಸ ಮಾಡಬಹುದು.

ಹೆಜ್ಜೆ 1: ಕೈಯಲ್ಲಿರುವುದು ಶೇಲ್ ಹೌದೋ ಅಲ್ಲವೋ

ಇಲ್ಲಿ ಅವಸರ ಬೇಡ. ಕಪ್ಪಗೆ, ತೆಳ್ಳಗೆ ಬಿಟ್ಟುಕೊಳ್ಳುವ ಕಲ್ಲನ್ನೆಲ್ಲ ಶೇಲ್ ಅಂತ ಬರೆದುಕೊಂಡು ಬಂದರೆ ಆಮೇಲೆ ಯಾವ ಲ್ಯಾಬ್ ವರದಿಯೂ ಅದನ್ನು ಸರಿ ಮಾಡೋದಿಲ್ಲ.

ಮಣ್ಣಿನ ಕಣದಿಂದಾದ ಕಲ್ಲುಗಳಿಗೆಲ್ಲ ಒಟ್ಟಾಗಿ ಮಡ್‌ರಾಕ್ ಅನ್ನುತ್ತೇವೆ. ಅರ್ಧಕ್ಕಿಂತ ಜಾಸ್ತಿ ಕಣಗಳು 62.5 ಮೈಕ್ರಾನ್‌ಗಿಂತ ಸಣ್ಣಗಿರಬೇಕು. ಅದರಲ್ಲೂ 4 ಮೈಕ್ರಾನ್‌ಗಿಂತ ಕೆಳಗಿನದು ಜೇಡಿ, ಅದಕ್ಕಿಂತ ಮೇಲಿನದು ಸಿಲ್ಟ್. ಮೂರರಲ್ಲಿ ಎರಡು ಪಾಲು ಸಿಲ್ಟ್ ಇದ್ದರೆ ಸಿಲ್ಟ್‌ಸ್ಟೋನ್, ಮೂರರಲ್ಲಿ ಎರಡು ಪಾಲು ಜೇಡಿ ಇದ್ದರೆ ಕ್ಲೇಸ್ಟೋನ್, ನಡುವಿನದು ಮಡ್‌ಸ್ಟೋನ್. ಇವು ಪದರಕ್ಕೆ ಸಮಾನಾಂತರವಾಗಿ ತೆಳು ಹಾಳೆಗಳಾಗಿ ಬಿಟ್ಟುಕೊಂಡರೆ ಆಗ ಅದಕ್ಕೆ ಶೇಲ್ ಎಂಬ ಹೆಸರು. ಈ ಗುಣಕ್ಕೆ ಫಿಸಿಲಿಟಿ ಎನ್ನುತ್ತಾರೆ. ಫಿಸಿಲಿಟಿ ಬಿಸಿಲು ಮಳೆಗೆ ಸಿಕ್ಕ ಮೇಲೆ ಜಾಸ್ತಿ ಕಾಣುತ್ತದೆ. ಅದೇ ಕಲ್ಲು ಬೋರ್ ಕೋರ್‌ನಲ್ಲಿ ಗಟ್ಟಿ ಮಡ್‌ಸ್ಟೋನ್ ಥರ ಕಾಣಬಹುದು. ಹಾಗಾಗಿ ಮೇಲ್ಮೈಯಲ್ಲಿ ನೋಡಿದಿರೋ ಕೋರ್‌ನಲ್ಲೋ ಅಂತ ಟಿಪ್ಪಣಿಯಲ್ಲಿ ಬರೆಯಿರಿ.

ಫೀಲ್ಡ್‌ನಲ್ಲಿ ಮಾಡುವ ಪರೀಕ್ಷೆಗಳು ಸುಲಭ. ಸುತ್ತಿಗೆಯಿಂದ ಹೊಸ ಮುಖ ಒಡೆದು ಶುಚಿಯಾದ ಸಣ್ಣ ಚೂರನ್ನು ಮುಂಭಾಗದ ಹಲ್ಲಲ್ಲಿ ಮೆಲ್ಲಗೆ ಕಡಿಯಿರಿ. ಕರಕರ ಅಂದರೆ ಸಿಲ್ಟ್ ಇದೆ, ನುಣ್ಣಗೆ ಜಾರಿದರೆ ಜೇಡಿ. ಮೈಕ್ರಾನ್ ಲೆಕ್ಕ ಇಲ್ಲದೆಯೂ ಈ ಪರೀಕ್ಷೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಮಾಡಿ ನೋಡಿದವರಿಗೇ ಗೊತ್ತು. ಆಮೇಲೆ 10 ಶೇಕಡಾ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಹಾಕಿ. ಬುರುಬುರು ನೊರೆ ಬಂದರೆ ಕ್ಯಾಲ್ಸೈಟ್ ಇದೆ. ಕೆರೆದು ಪುಡಿ ಮಾಡಿದ ಮೇಲಷ್ಟೇ ಸಣ್ಣಗೆ ಬಂದರೆ ಡಾಲಮೈಟ್ ಇರಬಹುದು. ಚಾಕುವಿನಿಂದ ಗೀರಿ. ಗೀರು ಬೀಳದೆ ಚಾಕುವಿನ ಲೋಹವೇ ಕಲ್ಲಿನ ಮೇಲೆ ಉಳಿದರೆ ಸಿಲಿಕಾ ಜಾಸ್ತಿ ಅಂತ ಲೆಕ್ಕ. ಬಣ್ಣವನ್ನು ಒಣ ಮುಖದಲ್ಲಿ, ಬಣ್ಣದ ಚಾರ್ಟ್ ಪಕ್ಕ ಇಟ್ಟು ಬರೆಯಿರಿ. ಕಪ್ಪು ಸಾಮಾನ್ಯವಾಗಿ ಸಾವಯವ ಇಂಗಾಲದಿಂದ, ಕೆಂಪು ಫೆರಿಕ್ ಕಬ್ಬಿಣದಿಂದ, ಹಸಿರು ಫೆರಸ್ ಕಬ್ಬಿಣದಿಂದ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ. ಕಲ್ಲು ಬಿಟ್ಟುಕೊಳ್ಳುತ್ತಿರುವುದು ಪದರದ ಉದ್ದಕ್ಕೋ, ಒತ್ತಡದಿಂದ ಆಮೇಲೆ ಹುಟ್ಟಿದ ಸೀಳಿನ ಉದ್ದಕ್ಕೋ? ಇದನ್ನು ಕಲಿಯೋಕೆ ಚಿಕ್ಕನಾಯಕನಹಳ್ಳಿ ಕಡೆಯ ಫಿಲ್ಲೈಟ್‌ಗಿಂತ ಒಳ್ಳೆಯ ಪಾಠ ಇಲ್ಲ. ಅದೂ ಒಂದು ಕಾಲದಲ್ಲಿ ಮಣ್ಣೇ. ಕಾವು, ಒತ್ತಡ ತಿಂದು ಸಣ್ಣ ಅಭ್ರಕದ ಕಣಗಳು ಬೆಳೆದು ರೇಷ್ಮೆಯ ಹೊಳಪು ಬಂದಿದೆ. ಕೈಯಲ್ಲಿ ಹಿಡಿದು ಬಿಸಿಲಿಗೆ ಓರೆ ಮಾಡಿ ನೋಡಿ, ಹೊಳೆಯುವ ಮುಖ ಒಂದು ದಿಕ್ಕಿಗಿರುತ್ತದೆ. ಅದೇ ತುಂಡಿನ ಅಡ್ಡ ಮುಖವನ್ನು ನೀರಲ್ಲಿ ಒದ್ದೆ ಮಾಡಿ ಲೆನ್ಸ್ ಹಿಡಿದರೆ, ಕೆಲವು ಕಡೆ ತಿಳಿ ಗಾಢ ಬಣ್ಣದ ಗೆರೆಗಳು ಬೇರೆ ದಿಕ್ಕಿನಲ್ಲಿ ಹಾದುಹೋಗಿರುವುದು ಕಾಣುತ್ತದೆ. ಆ ಗೆರೆ ಹಳೆಯ ಪದರ, ಹೊಳೆಯುವ ಮುಖ ಸೀಳು. ಹಿಮಾಲಯದ ಎಷ್ಟೋ ಶೇಲ್‌ಗಳು ಅರ್ಧ ಸ್ಲೇಟ್ ಆಗಿರುತ್ತವೆ. ಪದರದ ಗೆರೆಯನ್ನು ಹುಡುಕದೆ ಸೀಳಿನ ಮೇಲೆ ಕಂಪಾಸ್ ಇಟ್ಟು ಡಿಪ್ (ಪದರ ಎಷ್ಟು ಓರೆಯಾಗಿ ಇಳಿದಿದೆ ಎಂಬ ಕೋನ) ಅಳೆದರೆ ನಿಮ್ಮ ದಪ್ಪದ ಲೆಕ್ಕ ಪೂರ್ತಿ ಕೆಟ್ಟಂತೆಯೇ.

ಹೆಜ್ಜೆ 2: ಸೆಕ್ಷನ್ ಆರಿಸಿ, ಅಳೆಯಿರಿ

ಶೇಲ್ ಮೆತ್ತಗಿನ ಕಲ್ಲು, ಬೇಗ ಸವೆದು ಇಳಿಜಾರಿನ ಮಣ್ಣಿನಡಿ ಮುಚ್ಚಿಹೋಗುತ್ತದೆ. ಅದಕ್ಕೇ ಹಳ್ಳದ ದಂಡೆ, ರಸ್ತೆ ಕೊರೆದ ಜಾಗ, ಕ್ವಾರಿ ಹುಡುಕಿ. ಕೆಳಗಿನ ಕಲ್ಲು, ಶೇಲ್, ಮೇಲಿನ ಕಲ್ಲು ಮೂರೂ ಒಂದೇ ಕಡೆ ಕಾಣುವ ಜಾಗ ಸಿಕ್ಕರೆ ಅದೇ ಬಂಗಾರ.

ಅಳೆಯುವಾಗ ಸ್ಟ್ರೈಕ್‌ಗೆ, ಅಂದರೆ ಪದರ ಮಟ್ಟಸವಾಗಿ ಚಾಚಿದ ದಿಕ್ಕಿಗೆ, ಅಡ್ಡಲಾಗಿ ನಡೆಯಿರಿ. ಸಮತಟ್ಟಾದ ನೆಲದಲ್ಲಿ ಹಾಗೆ ನಡೆದು ಬಂದ ಅಗಲವನ್ನು ಡಿಪ್ ಕೋನದ ಸೈನ್‌ನಿಂದ ಗುಣಿಸಿದರೆ ನಿಜವಾದ ದಪ್ಪ ಸಿಗುತ್ತದೆ. ಅಗಲ 84 ಮೀಟರ್, ಡಿಪ್ 30 ಡಿಗ್ರಿ ಅಂದರೆ ದಪ್ಪ 42 ಮೀಟರ್. ಏರು ತಗ್ಗಿನ ಜಾಗದಲ್ಲಿ ಈ ಸೂತ್ರ ಸಾಲದು. ಅಲ್ಲಿ 1.5 ಮೀಟರಿನ ಜೇಕಬ್ ಕೋಲಿಗೆ ಕ್ಲಿನೋಮೀಟರ್ ಕಟ್ಟಿ, ಡಿಪ್‌ನಷ್ಟೇ ಓರೆ ಮಾಡಿ, ಒಂದೊಂದೇ ಅಳತೆ ಮೇಲೇರುತ್ತಾ ಹೋಗಿ. ಡಿಪ್ ಬದಲಾಗುತ್ತಿದೆಯಾ ಅಂತ ಆಗಾಗ ನೋಡುತ್ತಿರಿ. ಫಾಲ್ಟ್ (ಕಲ್ಲು ಬಿರುಕು ಬಿಟ್ಟು ಜಾರಿದ ಜಾಗ) ಒಂದು ಹಾದುಹೋಗಿದ್ದರೆ ಅದೇ ಪದರವನ್ನು ಎರಡು ಸಲ ಎಣಿಸಿಬಿಡುವ ಅಪಾಯ ಇದೆ.

ಲಾಗ್ (ಪದರಗಳ ಕ್ರಮವನ್ನು ಅಳತೆ ಸಮೇತ ತೋರಿಸುವ ದಾಖಲೆ) ಬರೆಯೋಕೆ 1:100 ಸ್ಕೇಲ್ ಸಾಕು, ವಿವರ ಜಾಸ್ತಿ ಇದ್ದ ಕಡೆ 1:50. ಪ್ರತಿ ಪದರಕ್ಕೂ ಬಣ್ಣ, ಕಣ, ಪದರದ ದಪ್ಪ (1 ಸೆಂಟಿಮೀಟರಿಗಿಂತ ತೆಳ್ಳಗಿದ್ದರೆ ಲ್ಯಾಮಿನಾ, ಮೇಲಿದ್ದರೆ ಬೆಡ್), ಆಮ್ಲಕ್ಕೆ ಏನಾಯಿತು, ಫಾಸಿಲ್, ಪೈರೈಟ್, ಗಂಟುಗಳು, ಹುಳು ಕೊರೆದ ಗುರುತು ಎಲ್ಲ ಬರೆಯಿರಿ. ಮುಚ್ಚಿಹೋದ ಭಾಗವನ್ನು ಊಹಿಸಿ ತುಂಬಬೇಡಿ, "ಮುಚ್ಚಿದೆ, 6 ಮೀಟರ್" ಅಂತ ಖಾಲಿ ಬಿಡಿ.

ಊರಲ್ಲೇ ಕೈ ಪಳಗಿಸಿಕೊಳ್ಳಬೇಕಾ? ಬೇಸಿಗೆಯಲ್ಲಿ ಹೂಳೆತ್ತಿದ ಕೆರೆಯ ಗುಂಡಿಗೆ ಇಳಿಯಿರಿ, ಕೆರೆ ಕಡೆಯವರನ್ನು ಒಂದು ಮಾತು ಕೇಳಿಕೊಂಡು. ಗುಂಡಿಯ ಗೋಡೆಯಲ್ಲಿ ಮೇಲೆ ಬಿರುಕು ಬಿಟ್ಟ ಕಪ್ಪು ಗೋಡು, ನಡುವೆ ಮರಳಿನ ತೆಳು ಪಟ್ಟಿ, ಅದರಡಿ ಬಿಳಿ ಸುಣ್ಣದ ಗಂಟಿರುವ ಮಣ್ಣು, ತಳದಲ್ಲಿ ಕೊಳೆತ ನೈಸ್‌ನ ಗರಸು, ಹೀಗೆ ಏನಾದರೂ ಒಂದು ಕ್ರಮ ಇರುತ್ತದೆ. ಟೇಪ್ ಇಳಿಬಿಟ್ಟು ಲಾಗ್ ಬರೆಯಿರಿ. ಸುಣ್ಣದ ಗಂಟಿಗೆ ಆಮ್ಲ ಹಾಕಿ, ನೊರೆ ನೋಡಿ. ಕಪ್ಪು ಗೋಡನ್ನು ಹಲ್ಲಿಗೆ ಹಾಕಬೇಡಿ, ಕೆರೆ ನೀರು ಎಂಥದ್ದೋ ಏನೋ, ಬೆರಳಲ್ಲಿ ಉಜ್ಜಿ ನೋಡಿದರೆ ಸಾಕು. ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ ಇಬ್ಬರೂ ಬೇರೆ ಬೇರೆ ಬರೆದು ಆಮೇಲೆ ಹೋಲಿಸಿ. ಗಡಿಗಳನ್ನು ಇಬ್ಬರೂ ಬೇರೆ ಬೇರೆ ಎತ್ತರದಲ್ಲಿ ಎಳೆದಿರುತ್ತೀರಿ. ಯಾಕೆ ಹಾಗಾಯಿತು ಅಂತ ಅಲ್ಲೇ ಕೂತು ಮಾತಾಡಿದರೆ ಮುಂದಿನ ಹೆಜ್ಜೆ ಅರ್ಧ ಕಲಿತಂತೆ.

ಹೆಜ್ಜೆ 3: ಮೇಲಿನ ಗಡಿ, ಕೆಳಗಿನ ಗಡಿ

ನನ್ನ ಪ್ರಕಾರ ಫಾರ್ಮೇಶನ್ ವಿವರಣೆಯ ಜೀವ ಇರುವುದು ಇಲ್ಲಿ. ಒಳಗಿನ ಕಲ್ಲನ್ನು ಎಷ್ಟೇ ಚಂದ ವರ್ಣಿಸಿದರೂ, ಎಲ್ಲಿ ಶುರು ಎಲ್ಲಿ ಕೊನೆ ಅಂತ ಇನ್ನೊಬ್ಬರು ಹೋಗಿ ಕೈಯಿಟ್ಟು ತೋರಿಸುವಂತಿರದಿದ್ದರೆ ಆ ಘಟಕ ಇದ್ದೂ ಇಲ್ಲದ ಹಾಗೆ.

ಗಡಿ ಚೂಪಾಗಿದ್ದರೆ ಕಷ್ಟವಿಲ್ಲ. ಇಂಗ್ಲೆಂಡಿನ ಲ್ಯಾಂಕಷೈರ್ ಭಾಗದ ಬೋಲ್ಯಾಂಡ್ ಶೇಲ್ ಫಾರ್ಮೇಶನ್‌ನ ಮೇಲೆ ಪೆಂಡಲ್ ಗ್ರಿಟ್ ಎಂಬ ಮರಳುಗಲ್ಲು ಕೂತಿದೆ. ಕಪ್ಪು ಶೇಲ್ ಮುಗಿದು ದೊಡ್ಡ ಕಣದ ಮರಳುಗಲ್ಲು ಶುರುವಾಗುವುದು ಕಣ್ಣಿಗೇ ಕಾಣುತ್ತದೆ. ಅಮೆರಿಕದ ಟೆಕ್ಸಸ್‌ನ ಬಾರ್ನೆಟ್ ಶೇಲ್ ಅದಕ್ಕಿಂತ ಬಹಳ ಹಳೆಯ ಎಲೆನ್‌ಬರ್ಗರ್ ಸುಣ್ಣಗಲ್ಲಿನ ಸವೆದ ಮೇಲ್ಮೈ ಮೇಲೆ ಕೂರುತ್ತದೆ. ನಡುವಿನ ಕಾಲದ ಕಲ್ಲೇ ಅಲ್ಲಿಲ್ಲ, ಅದು ಅಸಂಗತಿ. ಕಷ್ಟ ಬರುವುದು ನಿಧಾನಕ್ಕೆ ಬದಲಾಗುವ ಗಡಿಯಲ್ಲಿ. ಕೆಳಗೆ ಸುಣ್ಣಗಲ್ಲು, ಮೇಲೆ ಶೇಲ್, ನಡುವೆ ಹತ್ತಾರು ಮೀಟರ್ ಎರಡೂ ಸರದಿಯಲ್ಲಿ ಬರುತ್ತವೆ. ಆಗ ಒಂದು ನಿಯಮ ನೀವೇ ಮಾಡಿ ಬರೆದಿಡಬೇಕು. ಶೇಲ್ ಅರ್ಧಕ್ಕಿಂತ ಜಾಸ್ತಿ ಆಗುವ ಜಾಗ ಅಂತ ಇಡಬಹುದು, ಅಥವಾ ಇಷ್ಟು ದಪ್ಪದ ಕೊನೆಯ ಸುಣ್ಣಗಲ್ಲಿನ ಮೇಲ್ಮುಖ ಅಂತ ಇಡಬಹುದು. ಎರಡನೆಯದು ನನಗೆ ಇಷ್ಟ. ಮುಂದೆ ಬರುವವರು ಶೇಕಡಾ ಲೆಕ್ಕ ಹಾಕುತ್ತ ಕೂರಬೇಕಿಲ್ಲ, ಆ ಕಲ್ಲನ್ನು ಹುಡುಕಿದರಾಯಿತು.

ಫಾಸಿಲ್ ನೋಡಿ ಫಾರ್ಮೇಶನ್‌ನ ಗಡಿ ಎಳೆಯಬೇಡಿ. ಕಲ್ಲು ಬದಲಾಗದೆ ಫಾಸಿಲ್ ಮಾತ್ರ ಬದಲಾದರೆ ಅದು ಬಯೋಜೋನ್‌ನ (ಫಾಸಿಲ್ ಮೇಲೆ ಕಟ್ಟಿದ ಘಟಕದ) ಗಡಿ, ಅದರ ಲೆಕ್ಕವೇ ಬೇರೆ.

ಹೆಜ್ಜೆ 4: ನಕ್ಷೆಯಲ್ಲಿ ಕೂರುತ್ತದೆಯೇ, ಯಾವ ದರ್ಜೆ ಕೊಡಬೇಕು

ಫಾರ್ಮೇಶನ್ ಅನ್ನಿಸಿಕೊಳ್ಳಬೇಕಾದರೆ ನಕ್ಷೆಯಲ್ಲಿ ತೋರಿಸುವಂತಿರಬೇಕು. 1:50,000 ಟೋಪೋಶೀಟ್‌ನಲ್ಲಿ 1 ಮಿಲಿಮೀಟರ್ ಅಂದರೆ ನೆಲದ ಮೇಲೆ 50 ಮೀಟರ್. ನೆಟ್ಟಗೆ ನಿಂತ 10 ಮೀಟರ್ ದಪ್ಪದ ಶೇಲ್ ಅಲ್ಲಿ 0.2 ಮಿಲಿಮೀಟರ್ ಗೆರೆ ಆಗುತ್ತದೆ, ಬಣ್ಣ ತುಂಬೋಕೂ ಜಾಗ ಇಲ್ಲ. ದಪ್ಪಕ್ಕೆ ಅಂತ ನಿಗದಿತ ಮಿತಿ ಇಲ್ಲ, ಆದರೆ ಈ ಲೆಕ್ಕ ಮನಸ್ಸಲ್ಲಿರಲಿ.

ದರ್ಜೆ ಕೆಳಗಿನಿಂದ ಮೇಲಕ್ಕೆ ಹೀಗೆ: ಬೆಡ್, ಮೆಂಬರ್, ಫಾರ್ಮೇಶನ್, ಗ್ರೂಪ್, ಸೂಪರ್‌ಗ್ರೂಪ್. ನಮ್ಮವರಿಗೆ ಇದು ಹೊಸದಲ್ಲ. ಚಿಕ್ಕನಾಯಕನಹಳ್ಳಿಯ ಮ್ಯಾಂಗನೀಸ್, ಸುಣ್ಣಗಲ್ಲು ಇರುವ ವಾಣಿವಿಲಾಸ ಫಾರ್ಮೇಶನ್ ಚಿತ್ರದುರ್ಗ ಗ್ರೂಪ್‌ಗೆ ಸೇರಿದೆ, ಅದು ಧಾರವಾಡ ಸೂಪರ್‌ಗ್ರೂಪ್‌ಗೆ. ಅದೇ ಥರ ಬೋಲ್ಯಾಂಡ್ ಶೇಲ್ ಫಾರ್ಮೇಶನ್ ಕ್ರೇವನ್ ಗ್ರೂಪ್‌ಗೆ ಸೇರಿದೆ. ಫಾರ್ಮೇಶನ್ ಒಳಗೆ ಸ್ಪಷ್ಟವಾಗಿ ಬೇರೆ ಕಾಣುವ ಭಾಗ ಇದ್ದರೆ ಮಾತ್ರ ಮೆಂಬರ್ ಮಾಡಿ. ಎಲ್ಲ ಫಾರ್ಮೇಶನ್‌ಗೂ ಮೆಂಬರ್ ಇರಲೇಬೇಕು ಅಂತೇನಿಲ್ಲ, ಸುಮ್ನೆ ಒಡೆಯಬೇಡಿ.

ಹೆಜ್ಜೆ 5: ಹೆಸರು

ನಿಯಮ ಸರಳ. ಹತ್ತಿರದ ಊರು, ಹಳ್ಳ, ಬೆಟ್ಟದ ಹೆಸರು, ಅದರ ಮುಂದೆ ಕಲ್ಲಿನ ಹೆಸರು ಅಥವಾ ಫಾರ್ಮೇಶನ್ ಎಂಬ ಪದ. ಸ್ಪಿತಿಯ ಪೋ ಎಂಬ ಊರಿಂದ ಪೋ ಫಾರ್ಮೇಶನ್, ಲಿಪಾಕ್ ನದಿಯಿಂದ ಲಿಪಾಕ್. ಒಮ್ಮೆ ಇಟ್ಟ ಹೆಸರು ಊರಿನ ಹೆಸರು ಬದಲಾದರೂ ಬದಲಾಗುವುದಿಲ್ಲ. ಕ್ಲೋಸ್‌ಪೇಟೆ ಹೆಸರಲ್ಲಿ ಕರೆದ ಗ್ರಾನೈಟ್, ಊರು ರಾಮನಗರ ಆದ ಮೇಲೂ, ಮಧುಗಿರಿ ಪಾವಗಡದ ತನಕ ಕ್ಲೋಸ್‌ಪೇಟೆ ಗ್ರಾನೈಟೇ.

ಫೆನೆಸ್ಟೆಲ್ಲಾ ಶೇಲ್ ಮಾತ್ರ ಈ ನಿಯಮಕ್ಕೆ ಒಗ್ಗೋದಿಲ್ಲ, ಅಲ್ವಾ? ಅದು ಊರಿನ ಹೆಸರಲ್ಲ, ಫಾಸಿಲ್‌ನದು. ಈಗಿನ ನಿಯಮ ಬರುವ ಮೊದಲೇ ಬಳಕೆಯಲ್ಲಿ ಗಟ್ಟಿಯಾದ ಹೆಸರಾದ್ದರಿಂದ ಉಳಿದುಕೊಂಡಿದೆ. ನೀವು ಹೊಸದಾಗಿ ಹಾಗೆ ಇಡುವಂತಿಲ್ಲ. ಇನ್ನೊಂದು ಮಾತು: ಹೊಸ ಹೆಸರು ಇಡುವ ಮುನ್ನ ಹಳೆಯದು ಇದೆಯಾ ಅಂತ ಹುಡುಕಿ. ಬ್ರಿಟನ್‌ನಲ್ಲಿ ಈಡೇಲ್ ಶೇಲ್, ಹೋಲಿವೆಲ್ ಶೇಲ್ ಅಂತ ಜಾಗಕ್ಕೊಂದು ಹೆಸರಲ್ಲಿ ಕರೆಯುತ್ತಿದ್ದ ಒಂದೇ ಥರದ ಶೇಲ್‌ಗಳನ್ನೆಲ್ಲ ಆಮೇಲೆ ಬೋಲ್ಯಾಂಡ್ ಶೇಲ್ ಎಂಬ ಒಂದೇ ಹೆಸರಿನಡಿ ತಂದರು. ಅಷ್ಟು ಹೆಸರು ಹುಟ್ಟದೇ ಇದ್ದಿದ್ದರೆ ಎಷ್ಟು ಗೊಂದಲ ತಪ್ಪುತ್ತಿತ್ತು ಯೋಚಿಸಿ.

ಹೆಜ್ಜೆ 6: ಈಗ ವಯಸ್ಸು

ಸ್ಪಿತಿಯನ್ನೇ ತೆಗೆದುಕೊಳ್ಳಿ. ಪೋ ಫಾರ್ಮೇಶನ್‌ನಲ್ಲಿ ಗಾಢ ಬಣ್ಣದ ಶೇಲ್ ಇದೆ. ಮೇಲೆ ಪರ್ಮಿಯನ್ ಕಾಲದ ಕುಲಿಂಗ್ ಶೇಲ್ ಇದೆ, ಅದೂ ಕಪ್ಪು. ಇನ್ನೂ ಬಹಳ ಮೇಲೆ ಜುರಾಸಿಕ್ ಕಾಲದ ಸ್ಪಿತಿ ಶೇಲ್, ಅದೂ ಕಪ್ಪು. ಒಂದೇ ಕಣಿವೆಯಲ್ಲಿ ಮೂರು. ಸ್ಪಿತಿ ಶೇಲ್‌ನಲ್ಲಿ ಅಮೊನೈಟ್ ಇರುತ್ತವೆ, ನಮ್ಮ ದೇವರ ಮನೆಯ ಸಾಲಿಗ್ರಾಮದೊಳಗೆ ಸುರುಳಿಯಾಗಿ ಕಾಣುವುದು ಅದೇ ಬಗೆಯ ಜೀವಿ. ಬಣ್ಣ ನೋಡಿ ಕಾಲ ಹೇಳುವವರು ಇಲ್ಲಿ ಹತ್ತಾರು ಕೋಟಿ ವರ್ಷ ತಪ್ಪುತ್ತಾರೆ. ಮೇಲೆ ಕೆಳಗೆ ಯಾವ ಕಲ್ಲು ಅಂತ ಕ್ರಮ ನೋಡಬೇಕು, ಒಳಗೆ ಯಾವ ಫಾಸಿಲ್ ಅಂತ ನೋಡಬೇಕು.

ಕಾಶ್ಮೀರದಲ್ಲಿ ಕ್ರಮ ಹೀಗಿದೆ: ಕೆಳಗೆ ಸಿರಿಂಗೋಥೈರಿಸ್ ಸುಣ್ಣಗಲ್ಲು, ಅದರ ಮೇಲೆ ಕ್ವಾರ್ಟ್ಜೈಟ್ ಜೊತೆ ಸರದಿಯಲ್ಲಿ ಬರುವ ಫೆನೆಸ್ಟೆಲ್ಲಾ ಶೇಲ್, ಮೇಲೆ ಅಗ್ಲೊಮರೇಟಿಕ್ ಸ್ಲೇಟ್. ಫಾಸಿಲ್ ಸಿಗುವುದು ಶೇಲ್ ಪದರಗಳಲ್ಲಿ. ಫೆನೆಸ್ಟೆಲ್ಲಾ ಒಂದು ಬ್ರಯೋಜೋವಾ, ಸಮುದ್ರದ ತಳದಲ್ಲಿ ಗುಂಪಾಗಿ ಬೆಳೆಯುತ್ತಿದ್ದ ಸಣ್ಣ ಜೀವಿಗಳ ಮನೆ. ಲೆನ್ಸ್‌ನಲ್ಲಿ ನೋಡಿದರೆ ಹಿಟ್ಟಿನ ಜರಡಿಯ ಬಲೆಯೇ ಕಲ್ಲಿಗೆ ಅಂಟಿದ ಹಾಗೆ, ಉದ್ದ ಕಡ್ಡಿಗಳು, ಅವನ್ನು ಸೇರಿಸುವ ಅಡ್ಡ ಕಡ್ಡಿಗಳು, ನಡುವೆ ಸಾಲಾಗಿ ಕಿಂಡಿಗಳು. ಒಮ್ಮೆ ನೋಡಿದರೆ ಮರೆಯೋದಿಲ್ಲ. ಆದರೆ ಎಚ್ಚರ: ಈ ಬಗೆಯ ಬ್ರಯೋಜೋವಾ ಕಾರ್ಬೊನಿಫೆರಸ್‌ಗಿಂತ ಮೊದಲೂ ಇದ್ದವು, ಪರ್ಮಿಯನ್‌ನಲ್ಲೂ ಇದ್ದವು. ಬಲೆ ಕಂಡಿತು ಅಂತ ಕಾಲ ತೀರ್ಮಾನ ಮಾಡುವ ಹಾಗಿಲ್ಲ. ಜೊತೆಯಲ್ಲಿರುವ ಬ್ರಾಕಿಯೋಪಾಡ್‌ಗಳು (ಎರಡು ಚಿಪ್ಪಿನ ಸಮುದ್ರ ಜೀವಿಗಳು) ಯಾವುವು, ಸ್ಪಿತಿಯಲ್ಲಾದರೆ ಕೆಳಗಿನ ಪದರದ ಗಿಡದ ಫಾಸಿಲ್ ಯಾವುದು, ಎಲ್ಲ ಸೇರಿಸಿ ನೋಡಬೇಕು.

ಹಂತದ ಮಟ್ಟಕ್ಕೆ ಖಚಿತ ಬೇಕಿದ್ದರೆ ಕೋನೊಡಾಂಟ್ (ಹಲ್ಲಿನಂಥ ಸೂಕ್ಷ್ಮ ಫಾಸಿಲ್), ಗೋನಿಯಟೈಟ್ (ಅಮೊನೈಟ್‌ನ ಹಳೆಯ ಬಂಧು) ಹುಡುಕಿ. ಕಾರ್ಬೊನಿಫೆರಸ್‌ನ ಎರಡು ದೊಡ್ಡ ಅಂತಾರಾಷ್ಟ್ರೀಯ ಗಡಿಗಳು ನಿಂತಿರುವುದೇ ಕೋನೊಡಾಂಟ್ ಮೇಲೆ: ತಳದ ಗಡಿ ಫ್ರಾನ್ಸಿನ ಲಾ ಸೆರ್‌ನಲ್ಲಿ, ಪೆನ್ಸಿಲ್ವೇನಿಯನ್‌ನ ತಳ ಅಮೆರಿಕದ ನೆವಾಡಾದ ಆ್ಯರೋ ಕ್ಯಾನಿಯನ್‌ನಲ್ಲಿ. ಶೇಲ್ ನಡುವಿನ ಸುಣ್ಣಗಲ್ಲಿನ ಪದರಗಳನ್ನು ತಂದು ಅಸಿಟಿಕ್ ಆಮ್ಲದಲ್ಲಿ ಕರಗಿಸಿದರೆ ಇವು ಸಿಗಬಹುದು. ಇವುಗಳ ಬಣ್ಣವೂ ಉಪಯೋಗಕ್ಕೆ ಬರುತ್ತದೆ, ತಿಳಿ ಹಳದಿ ಇದ್ದರೆ ಕಲ್ಲು ಹೆಚ್ಚು ಕಾದಿಲ್ಲ, ಕಪ್ಪಗಿದ್ದರೆ 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಅಥವಾ ಮೇಲೆ ಕಾದಿದೆ. ಬೋಲ್ಯಾಂಡ್ ಶೇಲ್‌ನಲ್ಲಿ ಗೋನಿಯಟೈಟ್ ಇರುವ ತೆಳು ಸಮುದ್ರ ಪದರಗಳೇ ಗಡಿಯಾರದ ಕೆಲಸ ಮಾಡುತ್ತವೆ. ಆ ಶೇಲ್ ವಿಸಿಯನ್‌ನಲ್ಲಿ ಶುರುವಾಗಿ ಸರ್ಪುಖೋವಿಯನ್‌ಗೆ ದಾಟುತ್ತದೆ. ಒಂದೇ ಫಾರ್ಮೇಶನ್ ಎರಡು ಹಂತ ದಾಟಿದರೆ ತಪ್ಪೇನಿಲ್ಲ. ಒಂದು ಊರಲ್ಲಿ ಬೇಗ, ಇನ್ನೊಂದು ಊರಲ್ಲಿ ತಡವಾಗಿ ಶುರುವಾಗಿದ್ದರೂ ತಪ್ಪಿಲ್ಲ.

ಜ್ವಾಲಾಮುಖಿ ಬೂದಿಯ ತೆಳು ಪದರ ಸಿಕ್ಕರೆ ಬಿಡಬೇಡಿ. ಅದರ ಜಿರ್ಕಾನ್ ಹರಳಿನಲ್ಲಿ ಯುರೇನಿಯಂ-ಸೀಸದ ವಯಸ್ಸು ತೆಗೆಯಬಹುದು. ಕಪ್ಪು ಶೇಲ್‌ಗೇ ನೇರವಾಗಿ ರೀನಿಯಂ-ಆಸ್ಮಿಯಂ ವಿಧಾನವೂ ಇದೆ. ಪರಾಗ, ಬೀಜಾಣು ತೆಗೆಯೋಕೆ ಹೈಡ್ರೋಫ್ಲೋರಿಕ್ ಆಮ್ಲ ಬೇಕು. ಅದು ಜೀವ ತೆಗೆಯುವ ಆಮ್ಲ, ತರಬೇತಿ ಇರುವ ಲ್ಯಾಬ್ ಬಿಟ್ಟು ಬೇರೆಲ್ಲೂ ಮುಟ್ಟಬೇಡಿ.

ಹೆಜ್ಜೆ 7: ಲ್ಯಾಬಿನಲ್ಲಿ ಒಳ ವರ್ಗೀಕರಣ

ಎಕ್ಸ್‌ಆರ್‌ಡಿ (ಎಕ್ಸ್-ರೇಯಿಂದ ಖನಿಜ ಗುರುತಿಸುವ ಪರೀಕ್ಷೆ) ಮಾಡಿಸಿ. ಕ್ವಾರ್ಟ್ಜ್-ಫೆಲ್ಡ್‌ಸ್ಪಾರ್, ಕಾರ್ಬೊನೇಟ್, ಜೇಡಿ ಖನಿಜ ಈ ಮೂರರ ಪಾಲನ್ನು ತ್ರಿಕೋನದ ಮೇಲೆ ಹಾಕಿದರೆ ನಿಮ್ಮ ಶೇಲ್ ಸಿಲಿಕಾದ್ದೋ, ಸುಣ್ಣದ್ದೋ, ಜೇಡಿಯದ್ದೋ ಅಂತ ಗೊತ್ತಾಗುತ್ತದೆ. ಬಾರ್ನೆಟ್‌ಗೆ ಶೇಲ್ ಅಂತ ಹೆಸರಿದ್ದರೂ ಅದರ ಬಹುಭಾಗ ಸಿಲಿಕಾ ಜಾಸ್ತಿ ಇರುವ ಮಡ್‌ಸ್ಟೋನ್. ಅದಕ್ಕೇ ಅದು ಒತ್ತಡಕ್ಕೆ ಬಿರುಕು ಬಿಡುತ್ತದೆ, ಅನಿಲ ತೆಗೆಯೋಕೆ ಅನುಕೂಲವಾಗಿದ್ದೂ ಅದೇ. ಒಟ್ಟು ಸಾವಯವ ಇಂಗಾಲ 2 ಶೇಕಡಾ ದಾಟಿದರೆ ಒಳ್ಳೆಯ ಮೂಲ ಶಿಲೆ (ಎಣ್ಣೆ, ಅನಿಲ ಹುಟ್ಟುವ ಕಲ್ಲು) ಅಂತ ಪರಿಗಣಿಸುತ್ತಾರೆ. ವಿಟ್ರಿನೈಟ್ (ಕಲ್ಲಿನೊಳಗೆ ಉಳಿದ ಗಿಡದ ಸಾವಯವ ಕಣ) ಪ್ರತಿಫಲನ ಸುಮಾರು 0.6ರಿಂದ 1.3 ಶೇಕಡಾ ಇದ್ದರೆ ಎಣ್ಣೆ ಹುಟ್ಟುವ ಕಾವು ಕಂಡಿದೆ, ಅದಕ್ಕೂ ಮೇಲಾದರೆ ಅನಿಲ. ಈ ಅಂಕಿಗಳು ಫಾರ್ಮೇಶನ್‌ನ ಗುಣ ಹೇಳುತ್ತವೆ, ಗಡಿ ಹೇಳುವುದಿಲ್ಲ. ಎರಡನ್ನೂ ಬೆರೆಸಬೇಡಿ.

ಹೆಜ್ಜೆ 8: ಬರೆದು ದಾಖಲಿಸುವುದು

ಹೆಸರು ಮತ್ತು ಅದು ಬಂದ ಊರು, ದರ್ಜೆ, ಮೂಲ ಸೆಕ್ಷನ್ ಇರುವ ಜಾಗ (ಅಕ್ಷಾಂಶ, ರೇಖಾಂಶ, ಟೋಪೋಶೀಟ್ ಸಂಖ್ಯೆ, ಹೋಗುವ ದಾರಿ), ಕಲ್ಲಿನ ವಿವರಣೆ, ಮೇಲಿನ ಕೆಳಗಿನ ಗಡಿ, ದಪ್ಪ, ಎಷ್ಟು ದೂರ ಹರಡಿದೆ, ಪಕ್ಕದಲ್ಲಿ ಯಾವ ಕಲ್ಲಾಗಿ ಬದಲಾಗುತ್ತದೆ, ಫಾಸಿಲ್, ವಯಸ್ಸು ಮತ್ತು ಅದಕ್ಕೆ ಆಧಾರ, ಹಿಂದೆ ಇದನ್ನು ಯಾರು ಏನೆಂದು ಕರೆದಿದ್ದರು. ವಯಸ್ಸು ಈ ಪಟ್ಟಿಯಲ್ಲಿ ಎಷ್ಟು ಹಿಂದೆ ಬರುತ್ತದೆ ನೋಡಿ. ಇದು ಮಾನ್ಯವಾದ ವೈಜ್ಞಾನಿಕ ಪ್ರಕಟಣೆಯಲ್ಲಿ ಬರಬೇಕು, ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಬರೆದರೆ ಅದು ಅನೌಪಚಾರಿಕ ಹೆಸರಾಗಿಯೇ ಉಳಿಯುತ್ತದೆ.

ಕೊನೆಯದಾಗಿ ಸ್ಯಾಂಪಲ್. ಶೇಲ್ ಒಣಗಿದರೆ ಉದುರುತ್ತದೆ. ತೆಗೆದ ತಕ್ಷಣ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲ್ಮುಖಕ್ಕೆ ಬಾಣದ ಗುರುತು ಹಾಕಿ, ಲಾಗ್‌ನಲ್ಲಿ ಎಷ್ಟನೇ ಮೀಟರ್ ಅಂತ ಚೀಲದ ಮೇಲೂ ಒಳಗಿನ ಚೀಟಿಯಲ್ಲೂ ಬರೆಯಿರಿ. ಸ್ಪಿತಿಯಲ್ಲಿ ತಾಬೊ ಊರೇ 3,200 ಮೀಟರ್ ದಾಟಿದ ಎತ್ತರದಲ್ಲಿದೆ, ಅಲ್ಲಿ ಕೆಳಗಿಳಿದು ಬಂದ ಮೇಲೆ ಒಂದು ಚೂರಿಗಾಗಿ ಮತ್ತೆ ಹತ್ತೋಕೆ ಆಗೋದಿಲ್ಲ. ಹಾಗಾಗಿ ಪ್ರತಿ ಗಡಿಯ ಎರಡೂ ಬದಿಯಿಂದ ಎರಡೆರಡು ತುಂಡು ತನ್ನಿ. ಒಂದು ಕತ್ತರಿಸೋಕೆ, ಇನ್ನೊಂದು ಕಾಲೇಜಿನ ಮ್ಯೂಸಿಯಂ ಕಪಾಟಿಗೆ, ನಂಬರ್ ಸಮೇತ.